ಮೆಟ್ಟಿಲು ಗುಡಿಸುವ ವಾರ

2006ರ ಅಕ್ಟೋಬರಿನ ಒಂದು ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ, ನಮ್ಮ ಮನೆಯ ಬಾಗಿಲ ಹಿಡಿಗೆ ಯಾರೋ ಒಂದು ಮರದ ಫಲಕವನ್ನು ನೇತುಹಾಕಿದ್ದರು. ಅಂಗೈಯಷ್ಟು ಅಗಲದ ಫಲಕ, ಅದಕ್ಕೊಂದು ದಾರ, ಮೇಲೆ ಒಂದೇ ಒಂದು ಪದ. ನಾನೂ ನನ್ನ ಹೆಂಡತಿಯೂ ಬೆಂಗಳೂರು ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಬಂದು ಆಗ ಮೂರು ವಾರವಾಗಿತ್ತು. ಪಕ್ಕದ ಮನೆಯವರದು ಕೈತಪ್ಪಿ ಇಲ್ಲಿಗೆ ಬಂದಿರಬೇಕು ಎಂದುಕೊಂಡು ಅದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು. ಒಂದು ವಾರ ಅದು ಅಲ್ಲಿಯೇ ಇತ್ತು.

ಮರುವಾರ ಶನಿವಾರ ಬೆಳಿಗ್ಗೆ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿದರು. ಎಪ್ಪತ್ತೆಂಟು ವರ್ಷದ ಹೆಂಗಸು. ಒಂದು ಕೈಯಲ್ಲಿ ಉದ್ದ ಹಿಡಿಯ ಪೊರಕೆ, ಇನ್ನೊಂದರಲ್ಲಿ ನೀರಿನ ಬಕೆಟ್ಟು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಜರ್ಮನ್ ಬಾರದು. ಅವರು ಕಿಟಕಿಯ ಮೇಲಿದ್ದ ಫಲಕವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊರಗೆ ಬರುವಂತೆ ಕೈಸನ್ನೆ ಮಾಡಿದರು. ನಮ್ಮ ಮಹಡಿಯ ಮೊದಲ ಮೆಟ್ಟಿಲಿನಿಂದ ಶುರುಮಾಡಿ ನಾಲ್ಕು ಮೆಟ್ಟಿಲುಗಳನ್ನು ತಾವೇ ಗುಡಿಸಿದರು, ಒದ್ದೆ ಬಟ್ಟೆಯಿಂದ ಒರೆಸಿದರು, ಮೆಟ್ಟಿಲ ಪಕ್ಕದ ಹಿಡಿಕಂಬಿಯ ಮೇಲಿನ ಧೂಳನ್ನು ಬೆರಳಿನಿಂದ ತೋರಿಸಿದರು. ಐದನೆಯ ಮೆಟ್ಟಿಲಿಗೆ ಬಂದಾಗ ಪೊರಕೆಯನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಂತರು. ಬೈಯಲಿಲ್ಲ. ಮುಖ ಗಂಟಿಕ್ಕಲೂ ಇಲ್ಲ.

ಫಲಕದ ಮೇಲಿದ್ದ ಪದ ‘ಕೇರ್‌ವೋಖ’. ಗುಡಿಸುವ ವಾರ ಎಂದು ಅರ್ಥ. ಜರ್ಮನಿಯ ನೈಋತ್ಯದಲ್ಲಿರುವ ಶ್ವಾಬಿಯಾ ಪ್ರಾಂತದ ಪದ್ಧತಿ ಇದು. ಒಂದು ಕಟ್ಟಡದಲ್ಲಿ ಬಾಡಿಗೆಗಿರುವವರು ಸರದಿಯಂತೆ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿಗಳನ್ನು ತಾವೇ ಗುಡಿಸಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಬೆಳಗಾಗುತ್ತಲೇ ಎತ್ತಿ ಹಾಕಬೇಕು. ಸರದಿ ಮುಗಿದವರು ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕುತ್ತಾರೆ. 1492ರ ನಗರ ಶಾಸನದಲ್ಲಿಯೇ ಇದರ ಬೇರು ಇದೆ ಎಂದು ಆಮೇಲೆ ಓದಿ ತಿಳಿದೆ. ಕೆಂಪೇಗೌಡರು ಬೆಂಗಳೂರಿನ ಕೋಟೆಗೆ ಕೈಹಾಕುವುದಕ್ಕೆ ನಲವತ್ತೈದು ವರ್ಷ ಮೊದಲಿನ ಮಾತು. 1988ರಲ್ಲಿ ನಗರಾಡಳಿತ ತನ್ನ ಕಡೆಯ ಕಡ್ಡಾಯವನ್ನು ಕೈಬಿಟ್ಟಿತು. ಪದ್ಧತಿ ಮಾತ್ರ ಬಾಡಿಗೆ ಕರಾರುಗಳಲ್ಲಿಯೂ ಜನರ ಮನಸ್ಸಿನಲ್ಲಿಯೂ ಉಳಿಯಿತು.

ಪದ ನನಗೆ ಬೇಗ ನೆನಪಿನಲ್ಲಿ ನಿಂತದ್ದಕ್ಕೆ ಕಾರಣ ಕನ್ನಡ. ನಮ್ಮಲ್ಲಿ ಕೇರುವುದೆಂದರೆ ಮೊರದಲ್ಲಿ ಕಾಳು ಹಾಕಿ ಹೊಟ್ಟು ಹಾರಿಸುವುದು. ಎರಡು ಪದಗಳಿಗೂ ಸಂಬಂಧವಿಲ್ಲ. ಆದರೂ ಆ ಮೆಟ್ಟಿಲುಗಳನ್ನು ಗುಡಿಸುವಾಗಲೆಲ್ಲ ಅಮ್ಮ ಹಿತ್ತಲಲ್ಲಿ ಕೂತು ಅಕ್ಕಿ ಕೇರುತ್ತಿದ್ದ ಸದ್ದು ಕಿವಿಯಲ್ಲಿ ಕೇಳುತ್ತಿತ್ತು.

ಅಂದು ಪೊರಕೆ ಹಿಡಿದ ನನ್ನ ಮನಸ್ಸು ಶಾಂತವಾಗಿರಲಿಲ್ಲ. ಎಂಜಿನಿಯರ್ ಎಂದು ಕರೆಸಿಕೊಂಡು ಬಂದವನು ನಾನು. ಇನ್ನೊಬ್ಬರು ತುಳಿಯುವ ಮೆಟ್ಟಿಲನ್ನು ನಾನೇಕೆ ಒರೆಸಬೇಕು ಎಂಬ ಸಿಟ್ಟು ಗಂಟಲಿಗೆ ಬಂದಿತ್ತು. ಆ ಸಿಟ್ಟು ಎಲ್ಲಿಂದ ಬಂತು ಎಂದು ಯೋಚಿಸಿದಷ್ಟೂ ನಾಚಿಕೆಯಾಗುತ್ತಾ ಹೋಯಿತು. ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ. 1898ರ ಪ್ಲೇಗಿನ ನಂತರ ಜನ ಪೇಟೆ ಬಿಟ್ಟು ಬಂದು ನೆಲೆಸಿದ ಬಡಾವಣೆ ಅದು. ಹಳೆಯ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಎಂಬ ಸಣ್ಣ ದಾರಿ ಇರುತ್ತದೆ. ಮಲ ಹೊರುವವರು, ಕಸ ಎತ್ತುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು ನಕ್ಷೆಯಲ್ಲಿಯೇ ಬಿಟ್ಟ ಜಾಗ. ಅಮ್ಮ ದಿನವೂ ಬೆಳಗಿನ ಜಾವ ಹೊಸಿಲು ತೊಳೆದು, ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಹಾಕುತ್ತಿದ್ದಳು. ಪೊರಕೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು, ಅದು ಲಕ್ಷ್ಮಿ. ಆದರೆ ಆ ಲಕ್ಷ್ಮಿಯನ್ನು ದಿನವಿಡೀ ಕೈಯಲ್ಲಿ ಹಿಡಿದು ಬೀದಿ ಗುಡಿಸುವವಳಿಗೆ ನೀರು ಕೊಡುವ ಲೋಟ ಮಾತ್ರ ಬೇರೆ ಇರುತ್ತಿತ್ತು. ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ಸತ್ಯಕ್ಕನಂಥ ಶರಣೆ ಹನ್ನೆರಡನೆಯ ಶತಮಾನದಲ್ಲಿ ಬದುಕಿದ ನಾಡಿನಲ್ಲಿ, ಮೂವತ್ತು ದಾಟಿದ ನಾನು ಅಲ್ಲಿಯವರೆಗೆ ಪೊರಕೆಯನ್ನು ಮುಟ್ಟಿಯೇ ಇರಲಿಲ್ಲ.

ಪರದೇಶಕ್ಕೆ ಹೋದವರು ಅಲ್ಲಿನ ರೀತಿಗೆ ಹೊಂದಿಕೊಳ್ಳಬೇಕು ಎಂದಾಗ ನಾವು ಊಟ, ಉಡುಪು, ಹಬ್ಬಗಳನ್ನು ನೆನೆಯುತ್ತೇವೆ. ಅವು ಅಷ್ಟು ಕಷ್ಟವಲ್ಲ. ಭಾನುವಾರ ಗೋಡೆಗೆ ಮೊಳೆ ಹೊಡೆಯಬಾರದು, ಗಾಜಿನ ಬಾಟಲಿಗಳನ್ನು ತೊಟ್ಟಿಗೆ ಹಾಕಿ ಸದ್ದು ಮಾಡಬಾರದು. ರಾತ್ರಿ ಹತ್ತರ ನಂತರ ದನಿ ತಗ್ಗಿಸಬೇಕು. ವೈದ್ಯರ ಕೋಣೆಯ ಹೊರಗೆ ಕಾಯುವವರು ಅಪರಿಚಿತರಾದರೂ ಒಳಗೆ ಕಾಲಿಟ್ಟೊಡನೆ ನಮಸ್ಕಾರ ಹೇಳಬೇಕು. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆ ಹೇಳಿದರೆ ಅಪಶಕುನ. ಇವನ್ನೆಲ್ಲ ಆರು ತಿಂಗಳಲ್ಲಿ ಕಲಿತುಬಿಟ್ಟೆವು. ನಮ್ಮದನ್ನೂ ಅಜ್ಜಿ ಕಲಿತರು. ಮೊದಲ ಬಾರಿ ನಮ್ಮ ಕುಕ್ಕರಿನ ಸೀಟಿ ಕೇಳಿ ಬೆಂಕಿಯ ಎಚ್ಚರಿಕೆಯೆಂದು ಗಾಬರಿಯಿಂದ ಮೇಲೆ ಓಡಿ ಬಂದಿದ್ದರು. ವರ್ಷ ಕಳೆಯುವುದರಲ್ಲಿ ಎಷ್ಟು ಸೀಟಿಗೆ ಬೇಳೆ ಬೇಯುತ್ತದೆ ಎನ್ನುವುದು ಅವರಿಗೂ ಗೊತ್ತಿತ್ತು. ಬದಲಾಗುವುದಕ್ಕೆ ಕಷ್ಟವಾದದ್ದು, ಯಾವ ಕೆಲಸ ಯಾರದು ಎಂದು ನನ್ನೊಳಗೆ ಕೇಳದೆಯೇ ಕುಳಿತಿದ್ದ ತೀರ್ಪು. ಅದು ಬದಲಾಗಲು ಎರಡು ಮೂರು ವರ್ಷವೇ ಹಿಡಿಯಿತು.

ಭಾಷೆಯ ವಿಷಯದಲ್ಲಿಯೂ ನನಗೆ ಅಜ್ಜಿಯೇ ಗುರು. ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕಂಡೊಡನೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಬ್ರೆಡ್ಡಿನ ಅಂಗಡಿಯ ಹುಡುಗಿಯೂ ಅಷ್ಟೇ. ಅವರದು ಸೌಜನ್ಯ, ಅನುಮಾನವಿಲ್ಲ. ಆದರೆ ಆ ಸೌಜನ್ಯದಿಂದ ನನಗೆ ಒಂದು ವಾಕ್ಯವೂ ಬರಲಿಲ್ಲ. ಅಜ್ಜಿಗೆ ಬೇರೆ ದಾರಿಯಿರಲಿಲ್ಲವಾದ್ದರಿಂದ ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ನಾನು ತಡವರಿಸುವಾಗ ಮಧ್ಯೆ ಬಾಯಿಹಾಕದೆ ಕಾದು, ಜರ್ಮನ್‌ನಲ್ಲಿಯೇ ಮಾತನಾಡಿದರು.

ಜರ್ಮನ್‌ನಲ್ಲಿ ನಮ್ಮ ನೀನು, ನೀವುಗಳಂತೆಯೇ ಎರಡು ರೂಪಗಳಿವೆ: ‘ದು’ ಮತ್ತು ‘ಜೀ’. ಮೊದಲ ದಿನದಿಂದ, ಎಂದರೆ ನಾನು ಮೆಟ್ಟಿಲು ಗುಡಿಸದೆ ತಪ್ಪಿತಸ್ಥನಾಗಿ ನಿಂತಿದ್ದ ಆ ಶನಿವಾರದಿಂದಲೂ, ಅವರು ನನಗೆ ‘ಜೀ’ ಎನ್ನುತ್ತಿದ್ದರು. ನನಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಹಿರಿಯರು. ನಮ್ಮಲ್ಲಾದರೆ ‘ಏನಪ್ಪಾ, ಗುಡಿಸಲಿಲ್ಲವೇನು ನೀನು’ ಎನ್ನಲು ಯಾರೂ ಹಿಂದುಮುಂದು ನೋಡುವುದಿಲ್ಲ. ನಾಲ್ಕು ವರ್ಷದ ನಂತರ ಒಂದು ಸಂಜೆ ಎರಡು ಲೋಟಗಳಿಗೆ ವೈನ್ ಬಗ್ಗಿಸಿ, ಇನ್ನು ಮುಂದೆ ‘ದು’ ಎನ್ನೋಣವೇ ಎಂದು ಕೇಳಿದರು. ಅಲ್ಲಿ ಅದನ್ನು ಹಿರಿಯರೇ ಕೇಳಬೇಕು, ಕಿರಿಯರು ಕೇಳುವಂತಿಲ್ಲ. ಕನ್ನಡದಲ್ಲಿಯೂ ತಾಯಿಗೆ, ದೇವರಿಗೆ ನಾವು ನೀನು ಎನ್ನುತ್ತೇವೆ ಎಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕತೆ ಹೇಳಿದರು.

ಅವರು ಸ್ಟುಟ್‌ಗಾರ್ಟಿನವರೇ ಅಲ್ಲ. ಹುಟ್ಟಿದ್ದು ಬೊಹೀಮಿಯಾದಲ್ಲಿ, ಇಂದಿನ ಚೆಕ್ ಗಣರಾಜ್ಯದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪೂರ್ವ ಯುರೋಪಿನಿಂದ ಸುಮಾರು 1.2 ಕೋಟಿ ಜರ್ಮನ್ ಭಾಷಿಕರು ಓಡಿಬಂದರು, ಇಲ್ಲವೇ ಹೊರಹಾಕಿಸಿಕೊಂಡರು. 1946ರಲ್ಲಿ ಹದಿನೆಂಟರ ಹುಡುಗಿಯಾಗಿದ್ದ ಅಜ್ಜಿ, ತಾಯಿಯೊಂದಿಗೆ ಎರಡು ಗಂಟು ಹೊತ್ತು ಸರಕು ರೈಲಿನಲ್ಲಿ ಬಂದಿಳಿದರು. ಬಾಂಬಿಗೆ ಅರ್ಧ ಕುಸಿದಿದ್ದ ಊರಿನಲ್ಲಿ ಯಾರದೋ ಮನೆಯ ಒಂದು ಕೋಣೆಯನ್ನು ಸರ್ಕಾರ ಕೊಡಿಸಿತ್ತು. ಗುಡಿಸುವ ವಾರದ ಬಗ್ಗೆ ಅವರಿಗೆ ಯಾರೂ ಹೇಳಲಿಲ್ಲ. ಒಂದು ದಿನ ಮನೆಯೊಡತಿ ಮೆಟ್ಟಿಲ ಕಸವನ್ನೆಲ್ಲ ಗುಡಿಸಿ ತಂದು ಇವರ ಬಾಗಿಲ ಮುಂದೆ ಸುರಿದು ಹೋದಳು. ಅದೇ ಭಾಷೆ, ಅದೇ ಧರ್ಮ, ಅದೇ ಬಣ್ಣದ ಜನ. ಆದರೂ ವರ್ಷಗಟ್ಟಲೆ ಇವರನ್ನು ‘ಓಡಿಬಂದವರು’ ಎಂದೇ ಕರೆದರು. ‘ನಿನ್ನ ಕಿಟಕಿಯಲ್ಲಿ ಆ ಫಲಕ ಕಂಡಾಗ ನನಗೆ ಅಮ್ಮನ ಮುಖ ನೆನಪಾಯಿತು’ ಎಂದರು ಅಜ್ಜಿ. ಅಂದು ಪೊರಕೆಯೊಂದಿಗೆ ಅವರೇ ಬಂದದ್ದು ಏಕೆ ಎಂದು ನನಗೆ ತಿಳಿದದ್ದು ಆ ರಾತ್ರಿ.

ನಮ್ಮ ಮೇಲುಮನೆಯಲ್ಲಿ ತುರ್ಕಿಯ ಒಬ್ಬ ಹಿರಿಯರು ಇದ್ದರು. ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. 1961ರಲ್ಲಿ ಜರ್ಮನಿ ತುರ್ಕಿಯೊಂದಿಗೆ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಬಂದವರನ್ನು ‘ಅತಿಥಿ ಕಾರ್ಮಿಕರು’ ಎಂದಿತು. ಅತಿಥಿ ಎಂದರೆ ಹಿಂತಿರುಗಿ ಹೋಗುವವನು. ಹೋಗುವವನಿಗೆ ಭಾಷೆ ಏಕೆ ಎಂದು ಸುಮ್ಮನಾಯಿತು. 1973ರಲ್ಲಿ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿದರೂ ಬಂದಿದ್ದವರು ಹೋಗಲಿಲ್ಲ, ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಉಳಿದರು. ದೇಶವ್ಯಾಪಿಯಾಗಿ 600 ಗಂಟೆಯ ಭಾಷಾ ಪಾಠವಿರುವ ತರಗತಿಗಳನ್ನು ಕಾನೂನಿನ ಮೂಲಕ ಆರಂಭಿಸಿದ್ದು 2005ರಲ್ಲಿ. ನಡುವೆ ನಲವತ್ತನಾಲ್ಕು ವರ್ಷ ಕಳೆದುಹೋಗಿತ್ತು. ಮೇಲುಮನೆಯ ಹಿರಿಯರ ಜರ್ಮನ್ ಕೊನೆಯವರೆಗೂ ಕಾರ್ಖಾನೆಯ ಜರ್ಮನ್ ಆಗಿಯೇ ಉಳಿಯಿತು: ಎತ್ತು, ಇಡು, ಬೇಗ, ಸಾಕು. ಅವರು ಹೊಂದಿಕೊಳ್ಳಲಿಲ್ಲ ಎಂದು ದೂರುವವರನ್ನು ಕೇಳಿದ್ದೇನೆ. ಅವರ ಸರದಿಯ ವಾರದಲ್ಲಿ ನಮ್ಮ ಮೆಟ್ಟಿಲುಗಳು ಹೊಳೆಯುತ್ತಿದ್ದಷ್ಟು ಬೇರೆ ಯಾರ ವಾರದಲ್ಲಿಯೂ ಹೊಳೆಯುತ್ತಿರಲಿಲ್ಲ.

ನಾವು ಹೋದ ವರ್ಷವೇ, ಎಂದರೆ 2006ರ ಜನವರಿಯಲ್ಲಿ, ಸ್ಟುಟ್‌ಗಾರ್ಟ್ ರಾಜಧಾನಿಯಾಗಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಪೌರತ್ವ ಕೋರುವವರಿಗಾಗಿ ಮೂವತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿತ್ತು. ಮುಖ್ಯವಾಗಿ ಮುಸ್ಲಿಂ ದೇಶಗಳಿಂದ ಬಂದವರ ಮನಸ್ಸಿನಲ್ಲಿ ಏನಿದೆ ಎಂದು ಕೆದಕುವ ಪ್ರಶ್ನೆಗಳು. ದೇಶದಾದ್ಯಂತ ಟೀಕೆ ಎದ್ದಿತು. 2011ರಲ್ಲಿ ಹೊಸ ಸರ್ಕಾರ ಬಂದು ಅದನ್ನು ತೆಗೆದುಹಾಕಿತು. ಅಷ್ಟರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಪೌರತ್ವ ಪರೀಕ್ಷೆ 2008ರಿಂದ ಜಾರಿಯಲ್ಲಿತ್ತು. 310 ಪ್ರಶ್ನೆಗಳ ಭಂಡಾರದಿಂದ 33 ಕೇಳುತ್ತಾರೆ, 17ಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. ನಾನು ಪೌರತ್ವಕ್ಕೆ ಅರ್ಜಿ ಹಾಕಲಿಲ್ಲ. ಹಾಕಿದ್ದರೆ ಭಾರತದ ಪಾಸ್‌ಪೋರ್ಟನ್ನು ಬಿಟ್ಟುಕೊಡಬೇಕಿತ್ತು, ಅಷ್ಟಕ್ಕೆ ಮನಸ್ಸು ಬರಲಿಲ್ಲ. ಆದರೂ ಆಸಕ್ತಿಯಿಂದ ಆ ಪ್ರಶ್ನೆಗಳನ್ನೆಲ್ಲ ಓದಿದ್ದೆ. ಸಂವಿಧಾನ, ಚುನಾವಣೆ, ಇತಿಹಾಸ ಎಲ್ಲ ಇತ್ತು, ಇರಬೇಕಾದದ್ದೇ. ದೇಶದ ಕಾನೂನು ತಿಳಿಯದೆ ಅದರ ಪ್ರಜೆಯಾಗಬಾರದು ಎಂದೇ ನನ್ನ ಅಭಿಪ್ರಾಯ. ಮೆಟ್ಟಿಲ ಪ್ರಶ್ನೆ ಮಾತ್ರ ಎಲ್ಲಿಯೂ ಇರಲಿಲ್ಲ. ಅದನ್ನು ಕಾಗದದ ಮೇಲೆ ಕೇಳಲು ಬಾರದು, ಕೆಳಮನೆಯವರು ಮೇಲೆ ಬರಬೇಕು.

ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಟ್ಯೂಬಿಂಗೆನ್ ಸಿಗುತ್ತದೆ. ನೆಕ್ಕರ್ ನದಿಯ ದಂಡೆಯ ಹಳೆಯ ವಿಶ್ವವಿದ್ಯಾಲಯದ ಊರು. ಫರ್ಡಿನಂಡ್ ಕಿಟೆಲ್ ಅಲ್ಲಿಯೇ 1903ರಲ್ಲಿ ತೀರಿಕೊಂಡರು. ನಮ್ಮ ಎಂ.ಜಿ. ರಸ್ತೆಯ ಮೇಯೋ ಹಾಲ್ ಬಳಿ ಅವರ ಪ್ರತಿಮೆ ನೋಡಿಕೊಂಡೇ ಬಸ್ಸಿಗೆ ಓಡುತ್ತಿದ್ದ ನಾನು, ಟ್ಯೂಬಿಂಗೆನ್ನಿನ ಕಲ್ಲುಹಾಸಿನ ಬೀದಿಗಳಲ್ಲಿ ಅವರನ್ನು ನೆನೆದು ಇಡೀ ಒಂದು ಮಧ್ಯಾಹ್ನ ಓಡಾಡಿದೆ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಕರ್ನಾಟಕಕ್ಕೆ ಬಂದವರು ಕನ್ನಡ ನಿಘಂಟನ್ನು ಅಚ್ಚು ಮಾಡಿಸಿದ್ದು 1894ರಲ್ಲಿ. ಸುಮಾರು ಎಪ್ಪತ್ತು ಸಾವಿರ ಪದಗಳು. ಅವರಿಗಿಂತ ಮುಂಚೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ಸೀಮೆಯವರೇ. ಇವರನ್ನು ವಲಸಿಗರೆನ್ನಬಹುದೇ ಎಂದು ಬಹಳ ಯೋಚಿಸಿದ್ದೇನೆ. ಅವರು ಬಂದದ್ದು ನಮ್ಮ ಧರ್ಮ ಬದಲಿಸಲು, ಬ್ರಿಟಿಷರ ಆಳ್ವಿಕೆಯ ನೆರಳಿನಲ್ಲಿ. ಅವರಿಗೆ ನಾವು ಯಾವ ಪರೀಕ್ಷೆಯನ್ನೂ ಒಡ್ಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ನಾಲ್ಕು ದಶಕ ಒಬ್ಬ ಮನುಷ್ಯ ಇನ್ನೊಬ್ಬರ ಮಾತಿಗೆ ಕಿವಿಗೊಟ್ಟು ಕೂತರೆ, ಬದಲಿಸಲು ಬಂದವನೇ ಬದಲಾಗದೆ ಇರಲಾರ. ಆ ಎಪ್ಪತ್ತು ಸಾವಿರ ಪದಗಳ ಹಿಂದೆ, ಹೆಸರು ದಾಖಲಾಗದ ಎಷ್ಟೋ ಕನ್ನಡಿಗರು ಇರಲೇಬೇಕು. ಆ ಬಿಳಿಯ ಯುವಕನ ತೊದಲು ಕನ್ನಡವನ್ನು ಕಾದು ಕೇಳಿಸಿಕೊಂಡವರು, ಹಾಗಲ್ಲ ಹೀಗೆ ಎಂದು ತಿದ್ದಿದವರು.

2014ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ನಾವು ಹಿಂತಿರುಗಿದೆವು. ಬಾಣಸವಾಡಿಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದೆವು.

ಬಂದ ಹೊಸದರಲ್ಲಿ ನಾನು ಊರಿನ ಮೇಲೆ ಬಹಳ ಮುನಿಸಿಕೊಂಡಿದ್ದೆ. 2012ರಲ್ಲಿ ಮಾವಳ್ಳಿಪುರದ ಜನ ಇನ್ನು ನಿಮ್ಮ ಕಸ ನಮಗೆ ಬೇಡ ಎಂದಾಗ ಬೆಂಗಳೂರಿನ ಬೀದಿಗಳಲ್ಲಿ ಕಸದ ಗುಡ್ಡಗಳೆದ್ದದ್ದನ್ನು ದೂರದಿಂದ ಓದಿದ್ದೆ. ಆಮೇಲೆ ಮಂಡೂರಿನವರೂ ಹಾಗೆಯೇ ಹೇಳಿದರು. 2015ರ ಕೊನೆಗೆ ಹೈಕೋರ್ಟಿನ ಆದೇಶ ಬಂತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಎಸೆಯಲೇಬೇಕಾದ ಕೊಳೆಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ನಮ್ಮ ಕಟ್ಟಡದಲ್ಲಿ ನಾನು ಮೂರು ಭಾಷೆಗಳಲ್ಲಿ ಸೂಚನೆ ಬರೆದು ಲಿಫ್ಟಿನಲ್ಲಿ ಅಂಟಿಸಿದೆ. ಯಾರೂ ಓದಲಿಲ್ಲ. ಅಜ್ಜಿಯ ದಾರಿ ಹಿಡಿಯೋಣ ಎಂದು ಒಂದು ಶನಿವಾರ ಪೊರಕೆ ಹಿಡಿದು ನಮ್ಮ ಮಹಡಿಯ ಮೆಟ್ಟಿಲು ಗುಡಿಸತೊಡಗಿದೆ.

ನೆರೆಮನೆಯವರು ‘ಬಿಡಿ ಸಾರ್, ಅದಕ್ಕೆ ಜನ ಇದ್ದಾರೆ’ ಎಂದು ಮುಜುಗರದಿಂದ ಬಾಗಿಲು ಹಾಕಿಕೊಂಡರು. ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು, ಕಟ್ಟಡ ಗುಡಿಸುವ ಹೆಂಗಸು ಅಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಂತದ್ದು. ರಾಯಚೂರಿನ ಕಡೆಯವರು, ಮಳೆಯಿಲ್ಲದ ವರ್ಷ ಊರು ಬಿಟ್ಟು ಬಂದವರು. ‘ನನ್ನ ಕೆಲಸದಲ್ಲಿ ಏನಾದರೂ ತಪ್ಪಾಗಿದೆಯೇ ಸಾಹೇಬರೇ? ನನ್ನನ್ನು ತೆಗೆಯುತ್ತೀರಾ?’ ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. ಸ್ಟುಟ್‌ಗಾರ್ಟಿನಲ್ಲಿ ನನ್ನ ಮೇಲರಿಮೆಯನ್ನು ಮುರಿದ ಪೊರಕೆ, ಬೆಂಗಳೂರಿನಲ್ಲಿ ಒಬ್ಬಳ ಅನ್ನಕ್ಕೆ ಕುತ್ತಾಗಿ ಕಂಡಿತ್ತು. ಒಂದು ಊರಿನ ಒಳ್ಳೆಯ ಪದ್ಧತಿಯನ್ನು ಬೇರು ಸಮೇತ ಕಿತ್ತು ತಂದು ಇನ್ನೊಂದು ಊರಿನಲ್ಲಿ ನೆಡಲಾಗುವುದಿಲ್ಲ ಎಂದು ಅಂದು ಅರ್ಥವಾಯಿತು. ಈಗ ನನ್ನ ಹೊಸಿಲಿನ ಮುಂದಿನ ನಾಲ್ಕಡಿಯನ್ನು ಮಾತ್ರ ನಾನು ಗುಡಿಸುತ್ತೇನೆ, ಕಸವನ್ನು ಬೇರೆ ಮಾಡಿ ಅವರ ಕೈ ಹೊಲಸಾಗದಂತೆ ಕಟ್ಟಿ ಕೊಡುತ್ತೇನೆ. ನಮ್ಮ ಮನೆಯಲ್ಲಿ ಲೋಟ ಬೇರೆ ಇಲ್ಲ.

ನಮ್ಮ ಕಟ್ಟಡದ ನಲವತ್ತು ಮನೆಗಳಲ್ಲಿ ಹದಿನಾಲ್ಕರಲ್ಲಿ ಮಾತ್ರ ಕನ್ನಡ ಮನೆಮಾತು. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂಬ ನೋವು ನನಗೂ ಇದೆ, ಎಲ್ಲ ಕನ್ನಡಿಗರಂತೆ. ಹತ್ತು ವರ್ಷ ಈ ನೀರು ಕುಡಿದು ‘ಕನ್ನಡ ಗೊತ್ತಿಲ್ಲ’ ಎಂಬ ಎರಡು ಪದಗಳಲ್ಲಿಯೇ ನಿಂತವರನ್ನು ಕಂಡರೆ ಬೇಸರವಾಗುತ್ತದೆ. ನಾನು ಒಂದು ದೇಶದ ಭಾಷೆಯನ್ನು ಮೂವತ್ತು ದಾಟಿದ ಮೇಲೆ ಕಲಿತವನು, ಆಗುವುದಿಲ್ಲ ಎಂಬ ಮಾತನ್ನು ಒಪ್ಪಲಾರೆ. ಆದರೆ ನಮ್ಮ ಕಡೆಯದನ್ನೂ ಹೇಳಬೇಕು. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಯೂರಿದಂದಿನಿಂದ ಈ ಊರು ಎರಡಾಗಿತ್ತು. ಪೇಟೆಯ ಕಡೆ ಒಂದು ಪುರಸಭೆ, ದಂಡಿನ ಕಡೆ ಇನ್ನೊಂದು. ಎರಡೂ ಒಂದು ನಗರಪಾಲಿಕೆಯಾದದ್ದು 1949ರಲ್ಲಿ. ಎದುರಿಗಿರುವವರ ಭಾಷೆಗೆ ತಟ್ಟನೆ ಹೊರಳುವ ಅಭ್ಯಾಸ ನಮ್ಮ ನಾಲಿಗೆಗೆ ಎಷ್ಟೋ ತಲೆಮಾರುಗಳದು. ಬ್ರೆಡ್ಡಿನ ಅಂಗಡಿಯ ಹುಡುಗಿಯ ಸೌಜನ್ಯವೇ ಅದು, ಅದರಿಂದ ಎದುರಿನವರಿಗೆ ಒಂದು ವಾಕ್ಯವೂ ಬರುವುದಿಲ್ಲ. ನಮ್ಮ ಎದುರು ಮನೆಯ ಲಖನೌದ ಯುವ ದಂಪತಿಗಳೊಂದಿಗೆ ಮೂರು ವರ್ಷದಿಂದ ನಾನು ಕನ್ನಡವನ್ನಷ್ಟೇ ಮಾತನಾಡುತ್ತೇನೆ, ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ. ಆ ಹುಡುಗಿ ಮೊನ್ನೆ ನನ್ನ ಹೆಂಡತಿಗೆ ‘ಆಂಟಿ, ಹುಳಿಗೆ ಬೆಲ್ಲ ಜಾಸ್ತಿಯಾಯಿತು’ ಎಂದಳು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

‘ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ’ ಎಂಬ ಗಾದೆ ನಮ್ಮ ಬಾಯಲ್ಲಿ ಸದಾ ಇದೆ. ಇವತ್ತಲ್ಲ ನಾಳೆ ನಮ್ಮ ದಾರಿಗೆ ಬರಲೇಬೇಕು ಎಂಬ ಅರ್ಥದಲ್ಲಿ ಬಳಸುತ್ತೇವೆ. ನನಗೆ ಈಚೆಗೆ ಆ ಗಾದೆ ಕೇಳಿದಾಗ ಬಾವಿಕಟ್ಟೆಯೇ ಕಣ್ಣಿಗೆ ಬರುತ್ತದೆ. ಹೊಸಬಳು ಕೊಡ ಹಿಡಿದು ಬಂದಿದ್ದಾಳೆ. ಯಾವ ಗಡಗಡೆ ಸವೆದಿದೆ, ಯಾವ ಮೆಟ್ಟಿಲು ಜಾರುತ್ತದೆ ಎಂದು ಅಲ್ಲಿದ್ದವರು ಹೇಳಿದರಲ್ಲವೇ ಅವಳು ನೀರು ಸೇದುವುದು? ಮತ್ತೆ, ಬಾವಿಯ ಹಗ್ಗವನ್ನು ಎಲ್ಲರಿಗೂ ಮುಟ್ಟಲು ಬಿಡದ ಊರುಗಳು ನಮ್ಮವು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ, ಆ ಅಪಘಾತಕ್ಕೆ ಏನೂ ಸಂಬಂಧವಿಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಅದೇ ದಾರಿಯಲ್ಲಿ ಬಂದಾಗ ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ನನ್ನ ಊರು ಅದು. ಆ ವಾರ ಅಜ್ಜಿಗೆ ಫೋನ್ ಮಾಡಬೇಕಾಗಿತ್ತು, ಮಾಡಲಾಗಲಿಲ್ಲ.

ನಮ್ಮ ಕಟ್ಟಡದಲ್ಲಿ ನಿಜವಾಗಿ ಬೇರೆ ದೇಶದಿಂದ ಬಂದವರು ಒಬ್ಬರೇ: ಗೇಟಿನ ಕಾವಲುಗಾರರು. ನೇಪಾಳದ ಪಶ್ಚಿಮ ಬೆಟ್ಟಗಳ ಅಛಾಮ್ ಜಿಲ್ಲೆಯವರು. 1950ರ ಒಪ್ಪಂದದಂತೆ ನೇಪಾಳದವರು ಭಾರತಕ್ಕೆ ವೀಸಾ ಇಲ್ಲದೆ ಬಂದು ದುಡಿಯಬಹುದು. ಹಾಗಾಗಿ ಅವರನ್ನು ಯಾವ ಅಧಿಕಾರಿಯೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಯಾರೂ ಯಾವ ಪಾಠವನ್ನೂ ಮಾಡುವುದಿಲ್ಲ. ಪಂಪಿನ ಮನೆಗೆ ತಾಗಿದ ಒಂದು ಕೋಣೆಯಲ್ಲಿ ಹೆಂಡತಿ ಮತ್ತು ಮಗಳೊಂದಿಗೆ ಇರುತ್ತಾರೆ. ಎಲ್ಲರೂ ಅವರನ್ನು ಬಹದ್ದೂರ್ ಎನ್ನುತ್ತಾರೆ. ಅದು ಅವರ ಹೆಸರಲ್ಲ. ಅವರ ಹಿಂದಿನ ಕಾವಲುಗಾರನನ್ನೂ ಬಹದ್ದೂರ್ ಎಂದೇ ಕರೆಯುತ್ತಿದ್ದರು.

ಬಂದ ಆರೇ ತಿಂಗಳಲ್ಲಿ ಅವರು ಕನ್ನಡ ಮಾತನಾಡತೊಡಗಿದ್ದರು. ನೀರಿನ ಟ್ಯಾಂಕರಿನ ಚಾಲಕರಿಂದ, ಹಾಲಿನವರಿಂದ, ಪಾರ್ಸೆಲ್ ತರುವ ಹುಡುಗರಿಂದ ಕಲಿತದ್ದು. ನಾನು ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದೆ. ಒಂದು ದಿನ ಮೂರನೆಯ ಮಹಡಿಯ ಹಿರಿಯ ಮಹಿಳೆಯೊಬ್ಬರು ಸಿಟ್ಟಿನಿಂದ ಸಂಘದ ಸಭೆಗೆ ಬಂದರು. ಕಾವಲುಗಾರ ತಮ್ಮನ್ನು ‘ಎಲ್ಲಿಗೆ ಹೋಗುತ್ತೀಯಾ? ಗಾಡಿ ತೆಗೆ’ ಎಂದನಂತೆ. ಈ ಪೊಗರಿನವನನ್ನು ಬದಲಿಸಿ ಎಂದರು. ಕೆಲವರು ತಲೆಯಾಡಿಸಿದರು.

ನನಗೆ ಮೇಲುಮನೆಯ ತುರ್ಕಿಯ ಹಿರಿಯರ ಕಾರ್ಖಾನೆಯ ಜರ್ಮನ್ ನೆನಪಾಯಿತು. ಎತ್ತು, ಇಡು, ಬೇಗ, ಸಾಕು. ನಮ್ಮ ಕಾವಲುಗಾರರ ಕನ್ನಡದಲ್ಲಿ ಬಹುವಚನವೇ ಇರಲಿಲ್ಲ, ಏಕೆಂದರೆ ಅವರೊಂದಿಗೆ ಯಾರೂ ಎಂದೂ ಬಹುವಚನದಲ್ಲಿ ಮಾತನಾಡಿರಲಿಲ್ಲ. ಬಾ, ಹೋಗು, ತೆಗೆ, ಹಾಕು, ಎಲ್ಲಿದ್ದೀಯಾ. ನಲವತ್ತು ಮನೆಗಳು ದಿನವಿಡೀ ಅವರಿಗೆ ಕೊಟ್ಟ ಕನ್ನಡ ಅಷ್ಟೇ, ಅದನ್ನೇ ಅವರು ಪ್ರಾಮಾಣಿಕವಾಗಿ ಹಿಂತಿರುಗಿಸಿದ್ದರು. ನೇಪಾಳಿಯಲ್ಲಿ ಗೌರವಕ್ಕೆ ‘ತಪಾಯಿಂ’ ಎಂಬ ಬೇರೆ ಪದವಿದೆ. ಹಿರಿಯರಿಗೆ ಹೇಗೆ ಮಾತನಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದಲ್ಲಿ ಆ ಪದ ಯಾವುದು ಎಂದು ಮಾತ್ರ ಅವರ ಕಿವಿಗೆ ಬಿದ್ದಿರಲಿಲ್ಲ. ನಾನೂ ಅವರಿಗೆ ‘ಬಾ’ ಎಂದೇ ಹೇಳುತ್ತಿದ್ದೆ. ಎಂಟು ವರ್ಷ ಜರ್ಮನಿಯಲ್ಲಿ ‘ಜೀ’ ಕೇಳಿಸಿಕೊಂಡು ಬಂದವನು ನಾನು.

ಸಭೆಯಲ್ಲಿ ಇದನ್ನು ಹೇಳಿದೆ. ಸ್ವಲ್ಪ ಏರುದನಿಯಲ್ಲಿಯೇ ಹೇಳಿದೆ. ಮೂರನೆಯ ಮಹಡಿಯ ಆ ತಾಯಿ ತುಸು ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ‘ಅವರ ಹೆಸರೇನು?’ ಎಂದು ಕೇಳಿದರು. ಸಂಬಳದ ಪುಸ್ತಕ ತೆಗೆದು ನೋಡಬೇಕಾಯಿತು.

ಅದಾದ ಮರುವರ್ಷದ ದೀಪಾವಳಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ ಮಾಡಿ, ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಗೇಟಿನ ಬಳಿ ಕಾವಲುಗಾರರ ಮಗಳು ಚೆಂಡುಹೂವಿನ ಹಾರ ಕಟ್ಟುತ್ತಿದ್ದಳು. ನೇಪಾಳದಲ್ಲಿ ಈ ದಿನ ನಾಯಿಗಳ ಹಬ್ಬ, ಕುಕುರ್ ತಿಹಾರ್. ಕಾಯುವ ಪ್ರಾಣಿಗೆ ಹಾರ ಹಾಕಿ, ತಿಲಕವಿಟ್ಟು, ತಿನ್ನಲು ಕೊಡುತ್ತಾರೆ. ನಾನು ಸ್ನಾನ ಮುಗಿಸಿ ಇಳಿಯುವಷ್ಟರಲ್ಲಿ ಮೂರನೆಯ ಮಹಡಿಯವರು ಒಂದು ತಟ್ಟೆಯಲ್ಲಿ ಕುಂಕುಮವನ್ನೂ ನಿಪ್ಪಟ್ಟನ್ನೂ ಹಿಡಿದು ಅಲ್ಲಿ ನಿಂತಿದ್ದರು. ಕಾವಲುಗಾರರ ಹೆಂಡತಿ ಅಕ್ಕಿಹಿಟ್ಟಿನ ಸೇಲ್ ರೋಟಿ ಕರಿದಿದ್ದರು, ದೊಡ್ಡ ಕೋಡುಬಳೆಯಂತೆ ಕಾಣುತ್ತಿತ್ತು. ಬೀದಿಯ ಎರಡು ಕಂದು ನಾಯಿಗಳು ಹಾರ ಹಾಕಿಸಿಕೊಂಡು ಬಾಲ ಅಲ್ಲಾಡಿಸುತ್ತಿದ್ದವು. ಮೂರನೆಯದು ಹೆದರಿ ಕಾರಿನ ಕೆಳಗೆ ಅವಿತಿತ್ತು.

‘ಬನ್ನಿ ಸಾರ್’ ಎಂದರು ಕಾವಲುಗಾರರು, ಕೈಯಲ್ಲಿದ್ದ ಕೊನೆಯ ಹಾರವನ್ನು ನನ್ನ ಕಡೆ ಚಾಚುತ್ತಾ. ‘ನೀವು ಅದಕ್ಕೆ ದಿನಾ ಅನ್ನ ಹಾಕುತ್ತೀರಿ. ನೀವು ಕರೆದರೆ ಬರುತ್ತದೆ.’

ನಾನು ಕಾರಿನ ಪಕ್ಕದಲ್ಲಿ ಮಂಡಿಯೂರಿ ಕುಳಿತೆ.